ಕಬ್ಬಿನ ಟ್ರೇಲರ್ ಬ್ರಾಕೆಟ್: ಕಂಪ್ಯೂಟರ್ ಲೆಕ್ಕವನ್ನು ಎರಕದ ಮೇಲೆ ಒರೆಗೆ ಹಚ್ಚಿದ ಬಗೆ

ಎರಕದ ಮಾಲಿಗೆ ದರ ಬೀಳುವುದು ಕಿಲೋ ಮೇಲೆ. ಹಾಗಾಗಿ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಡಿಸೈನ್ ಕೆಲಸ ಮಾಡುವವರ ಮುಂದೆ ಮತ್ತೆ ಮತ್ತೆ ಬರುವ ಮಾತು: ತೂಕ ಇಳಿಸಿ ಕೊಡಿ. ನಮ್ಮ ಕೈಗೆ ಬಂದದ್ದು ಕಬ್ಬು ಸಾಗಿಸುವ ನಾಲ್ಕು ಗಾಲಿ ಟ್ರೇಲರ್‌ನ ಹ್ಯಾಂಗರ್ ಬ್ರಾಕೆಟ್. ಚಾಸಿ ಕೆಳಗೆ ಲೀಫ್ ಸ್ಪ್ರಿಂಗಿನ ತುದಿ ಹಿಡಿದುಕೊಳ್ಳುವ ಭಾಗ, ಒಂದು ಟ್ರೇಲರ್‌ಗೆ ಎಂಟು. ಎಸ್‌ಜಿ ಐರನ್ (ಗ್ರಾಫೈಟ್ ಗುಂಡುಗಳಿರುವ ಎರಕದ ಕಬ್ಬಿಣ), ಭಾರತೀಯ ಮಾನಕ ಐಎಸ್ 1865ರ 500/7 ದರ್ಜೆ, ನಾಲ್ಕು ಎಂ16 ಬೋಲ್ಟಿನ ಮೇಲೆ ಕೂರುತ್ತದೆ. ಡ್ರಾಯಿಂಗ್ ಪ್ರಕಾರ ತೂಕ 4.2 ಕೆಜಿ.

ಬ್ರಾಕೆಟ್ಟಿನ ಒತ್ತಡ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಕಟ್ಟಿ, ಅಳತೆ ಬದಲಿಸುತ್ತ ಹಗುರ ಡಿಸೈನ್ ಹುಡುಕುವ ತಂತ್ರಾಂಶವಾದ ಆಪ್ಟಿಮೈಜರ್‌ಗೆ ಐದು ಅಳತೆ ಬಿಟ್ಟುಕೊಟ್ಟೆವು: ವೆಬ್ (ಗೋಡೆಯಂಥ ತಟ್ಟೆ) ದಪ್ಪ, ಅಡ್ಡ ರಿಬ್ಬಿನ (ಆಸರೆ ಪಟ್ಟಿಯ) ದಪ್ಪ, ಅದರ ಎತ್ತರ, ವೆಬ್ ಬುಡದ ಫಿಲೆಟ್ (ಒಳಮೂಲೆಯ ದುಂಡು) ತ್ರಿಜ್ಯ, ಪಿನ್ ಕೂರುವ ಬಾಸ್‌ನ (ದಪ್ಪ ಬಳೆಯ) ಹೊರವ್ಯಾಸ. 20 ಕಿಲೋನ್ಯೂಟನ್ ನೇರ ಭಾರಕ್ಕೆ ಒತ್ತಡ 180 ಮೆಗಾಪಾಸ್ಕಲ್ ದಾಟಬಾರದು, ತೂಕ ಎಷ್ಟು ಸಾಧ್ಯವೋ ಅಷ್ಟು ಇಳಿಯಬೇಕು. ಮರುದಿನ ಬೆಳಗ್ಗೆ ಉತ್ತರ ಸಿದ್ಧ: 3.2 ಕೆಜಿ. ವೆಬ್ 7 ಮಿಮೀ, ಫಿಲೆಟ್ 3 ಮಿಮೀ, ಅಡ್ಡ ರಿಬ್ ಇದ್ದೂ ಇಲ್ಲದ ಹಾಗೆ. ಈ ಮೂರೂ ನಮ್ಮ ಮಾಡೆಲ್‌ನಲ್ಲಿ ಹುಳುಕು ಇದ್ದ ಜಾಗಗಳೇ. ನೀರು ಕೆರೆ ಏರಿಯ ಬಿರುಕನ್ನು ಹುಡುಕಿಕೊಂಡು ಹೋಗುವ ಹಾಗೆ ಆಪ್ಟಿಮೈಜರ್ ಮಾಡೆಲ್ ತಪ್ಪಿದ ಜಾಗಕ್ಕೇ ಹೋಗಿ ನಿಲ್ಲುತ್ತದೆ, ಯಾಕೆಂದರೆ ಅಗ್ಗದ ಉತ್ತರ ಸಿಗುವುದು ಅಲ್ಲೇ. ಬರೀ ಒಂದು ಡಿಸೈನ್ ತಪಾಸಣೆಗೆ ಮಾಡಿದ ಮಾಡೆಲ್ ಹತ್ತಕ್ಕೆ ಒಂದು ಪಾಲು ತಪ್ಪಿದರೂ ಸುರಕ್ಷತಾ ಅಂಶ ಅದನ್ನು ನುಂಗಿಕೊಳ್ಳುತ್ತದೆ. ಆಪ್ಟಿಮೈಜರ್‌ಗೆ ಕೊಡುವ ಮಾಡೆಲ್‌ಗೆ ಆ ರಿಯಾಯಿತಿ ಇಲ್ಲ. ಅದನ್ನು ಹೇಗೆ ಪರೀಕ್ಷೆಗೆ ಒಡ್ಡಿದೆವು, ಎಲ್ಲಿ ಏನು ತಪ್ಪಿತು ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ತಕ್ಕಡಿ. ಹತ್ತು ಬ್ರಾಕೆಟ್ ತೂಗಿದಾಗ ಸರಾಸರಿ 4.55 ಕೆಜಿ ಬಂತು, ಮಾಡೆಲ್‌ಗಿಂತ ನೂರಕ್ಕೆ ಎಂಟು ಹೆಚ್ಚು. ತೂಕವೇ ತಾಳೆಯಾಗದ ಮಾಡೆಲ್‌ನ ಒತ್ತಡದ ಬಣ್ಣದ ಚಿತ್ರ ನೋಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ವರ್ನಿಯರ್ ಹಿಡಿದು ಅಳೆದಾಗ ಕಾರಣ ಸಿಕ್ಕಿತು: ಡ್ರಾಯಿಂಗಿನಲ್ಲಿ 9 ಮಿಮೀ ಇರುವ ವೆಬ್ ನಿಜದಲ್ಲಿ 9.8ರಿಂದ 10.2. ಮೋಲ್ಡಿಂಗ್ ಮಿಸ್ತ್ರಿಗೆ ಇದು ಹೊಸ ಸುದ್ದಿಯೇ ಅಲ್ಲ. "ಡ್ರಾಯಿಂಗದಾಗ ಒಂಬತ್ತ ಐತ್ರಿ ಸರ, ಉಸುಕಿನ್ಯಾಗ ಹತ್ತ ಆಗೇ ಆಗತೈತ್ರಿ" ಎಂದರು. ಹಸಿ ಉಸುಕಿನ ಮೋಲ್ಡ್ ಗಟ್ಟಿ ಬಡಿದಿಲ್ಲದಿದ್ದರೆ ಲೋಹದ ಭಾರಕ್ಕೆ ಗೋಡೆ ಹಿಂದೆ ಸರಿಯುತ್ತದೆ. ಎಸ್‌ಜಿ ಐರನ್ ಗಟ್ಟಿಯಾಗುವಾಗ ಗ್ರಾಫೈಟ್ ಅರಳುವುದರಿಂದ ಒಳಗಿನಿಂದಲೂ ತಳ್ಳುತ್ತದೆ. ಮೋಲ್ಡ್ ಒತ್ತುವ ಮಾದರಿ, ಅಂದರೆ ಪ್ಯಾಟರ್ನ್, ಸಲೀಸಾಗಿ ಹೊರಬರಲೆಂದು ಕೊಟ್ಟ ಇಳಿಜಾರು ಬೇರೆ.

ಒಂದು ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಬಾಗುವ ತಟ್ಟೆಯ ಬಿಗಿತ ದಪ್ಪದ ಘನದ ಮೇಲೆ ನಿಂತಿದೆ: 9ರ ಬದಲು 10 ಆದರೆ ಬಿಗಿತ ಶೇ. 37 ಹೆಚ್ಚು, ಒತ್ತಡ ಶೇ. 19 ಕಡಿಮೆ. ಡ್ರಾಯಿಂಗ್ ಅಳತೆಯ ಮಾಡೆಲನ್ನು ಎರಕದ ಜೊತೆ ಹೋಲಿಸಿದರೆ "ನಮ್ಮ ಮಾಡೆಲ್ ಶೇ. 23 ಹೆಚ್ಚೇ ತೋರಿಸುತ್ತದೆ, ಸುರಕ್ಷಿತ ಬದಿಗಿದೆ" ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಅದೇ ಧೈರ್ಯದಲ್ಲಿ ಒತ್ತಡದ ಮಿತಿ ಏರಿಸಿದಿರಿ ಎನ್ನಿ, ನಾಳೆ ಹೊಸ ಪ್ಯಾಟರ್ನ್, ಗಟ್ಟಿ ಮೋಲ್ಡ್ ಬಂದು ದಪ್ಪ ಸರಿಯಾಗಿ 9ಕ್ಕೇ ಕೂತ ದಿನ ಆ ರಕ್ಷಣೆ ಮಾಯ. ನಾವು ಮೂರು ಎರಕ ಆರಿಸಿ, ತಲಾ ಹದಿನೆಂಟು ಜಾಗದಲ್ಲಿ ದಪ್ಪ ಅಳೆದೆವು. ವರ್ನಿಯರ್ ಹೋಗದ ಕಡೆ ಅಲ್ಟ್ರಾಸಾನಿಕ್ ದಪ್ಪಮಾಪಕ ಹಚ್ಚಿದೆವು. ಅದರ ಶಬ್ದವೇಗವನ್ನು ಸ್ಟೀಲ್‌ಗೆ ಬಿಟ್ಟರೆ ಅಳತೆ ತಪ್ಪುತ್ತದೆ, ಅದೇ ಎರಕದ ಗೊತ್ತಿರುವ ದಪ್ಪದ ತುಂಡಿನ ಮೇಲೆ ಹೊಂದಿಸಿಕೊಳ್ಳಬೇಕು. ಮೋಲ್ಡ್ ಒಳಗೆ ಟೊಳ್ಳು ಬಿಡಿಸುವ ಅಚ್ಚು, ಅಂದರೆ ಕೋರ್, ಸರಿದಿದ್ದರೆ ಒಂದು ಕಡೆಯ ವೆಬ್ 10.6, ಇನ್ನೊಂದು 9.4 ಸಿಗುತ್ತದೆ. ಸರಾಸರಿ ಚಂದ ಕಾಣುತ್ತದೆ, ಬ್ರಾಕೆಟ್ ಬಿರಿಯುವುದು ಮಾತ್ರ ತೆಳು ಬದಿಯಲ್ಲಿ. ಅಳೆದ ದಪ್ಪದಲ್ಲಿ ಮಾಡೆಲ್ ಮತ್ತೆ ಕಟ್ಟಿದ ಮೇಲೆ ತೂಕ 4.51 ಬಂತು. ಅಲ್ಲಿಂದ ಮುಂದೆ ಅದೇ ಮಾಡೆಲ್.

ಲೋಹದ ವಿಷಯದಲ್ಲಿ ಎರಡೇ ಮಾತು. ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಇರುವ ಸ್ಟೀಲ್‌ನ 200 ಗಿಗಾಪಾಸ್ಕಲ್ ಇಲ್ಲಿ ನಡೆಯುವುದಿಲ್ಲ. ಎಸ್‌ಜಿ ಐರನ್ನಿನ ಸ್ಥಿತಿಸ್ಥಾಪಕ ಗುಣಾಂಕ 170ರ ಆಸುಪಾಸು. ಪ್ರತ್ಯೇಕವಾಗಿ ಹೊಯ್ದ ಟೆಸ್ಟ್ ಬಾರ್ ನಂಬದೆ ಬ್ರಾಕೆಟ್ಟಿನ ವೆಬ್ಬಿನಿಂದಲೇ ಪಟ್ಟಿ ಕತ್ತರಿಸಿ, ಎಕ್ಸ್‌ಟೆನ್ಸೋಮೀಟರ್ (ಹಿಗ್ಗುವಿಕೆ ಮಾಪಕ) ಕಟ್ಟಿ ಎಳೆಸಬೇಕು. ದಪ್ಪ ಬಾರ್ ನಿಧಾನ ತಣ್ಣಗಾಗುತ್ತದೆ, ತೆಳು ವೆಬ್ ಬೇಗ ತಣ್ಣಗಾಗುತ್ತದೆ. ಪರ್ಲೈಟ್ (ಲೋಹದೊಳಗಿನ ಗಟ್ಟಿ ಅಂಶ) ಪ್ರಮಾಣ, ಗಡಸುತನ ಎರಡೂ ಬೇರೆ. ಯಂತ್ರದ ಕ್ರಾಸ್‌ಹೆಡ್ (ಎಳೆಯುವ ತೊಲೆ) ಚಲನೆಯಿಂದ ಗುಣಾಂಕ ತೆಗೆದರೆ ಹಿಡಿಕೆಯ ಜಾರುವಿಕೆಯೂ ಅದರಲ್ಲಿ ಸೇರಿ ಅರ್ಧಕ್ಕಿಂತ ಕಡಿಮೆ ಬೆಲೆ ಬರುವುದುಂಟು.

ಲೆಕ್ಕಕ್ಕಾಗಿ ಮಾಡೆಲನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಸೀಳಿದ ಜಾಲವೇ ಮೆಶ್. ಅದರ ಬಗ್ಗೆ ಎಲ್ಲರೂ ಹೇಳುವ "ಮೆಶ್ ಕನ್ವರ್ಜೆನ್ಸ್ (ತುಂಡು ಸಣ್ಣದಾದಂತೆ ಉತ್ತರ ನೆಲೆ ನಿಲ್ಲುವುದು) ನೋಡಿದ್ದೇವೆ" ಎಂಬ ಮಾತನ್ನು ಸ್ವಲ್ಪ ಕೆದಕಬೇಕು. 8 ಮಿಮೀ ಫಿಲೆಟ್‌ನಲ್ಲಿ ಹತ್ತು ನೋಡ್‌ಗಳ (ಲೆಕ್ಕದ ಬಿಂದುಗಳ) ಟೆಟ್ರಾ, ಅಂದರೆ ನಾಲ್ಕು ಮುಖದ, ಎಲಿಮೆಂಟ್ ಹಾಕಿ, ಗಾತ್ರ 4, 2, 1 ಮಿಮೀ ಎಂದು ಮೂರು ಸಲ ಓಡಿಸಿದೆವು. ಒತ್ತಡ 171, 186, 190 ಮೆಗಾಪಾಸ್ಕಲ್. ಏರಿಕೆ ಮೊದಲು 15, ಆಮೇಲೆ 4, ಅನುಪಾತ 3.75. ಅದರ ಲಾಗರಿದಮ್ಮನ್ನು 2ರ ಲಾಗರಿದಮ್ಮಿನಿಂದ ಭಾಗಿಸಿದರೆ 1.9, ಅಂದರೆ ಒತ್ತಡ ಹೆಚ್ಚುಕಡಿಮೆ ಎರಡನೇ ಘಾತದ ವೇಗದಲ್ಲಿ ನೆಲೆಗೊಳ್ಳುತ್ತಿದೆ. ಮುಂದಕ್ಕೆ ಚಾಚಿದರೆ ನಿಲ್ಲುವ ಬೆಲೆ 191.5. ಪ್ಯಾಟ್ರಿಕ್ ರೋಚ್ 1994ರಲ್ಲಿ ಮುಂದಿಟ್ಟ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ (ಮೆಶ್‌ನಿಂದ ಬರುವ ತಪ್ಪಿನ ಅಂದಾಜು) ಪ್ರಕಾರ, 1.25ರ ಸುರಕ್ಷತಾ ಗುಣಕ ಹಚ್ಚಿ, 1 ಮಿಮೀ ಮೆಶ್‌ನ ಅನಿಶ್ಚಿತತೆ ಶೇ. 1. ಎರಡೇ ಮೆಶ್ ಹೋಲಿಸಿದರೆ ಈ ಅಂಕಿ ಸಿಗುವುದಿಲ್ಲ, ಕನಿಷ್ಠ ಮೂರು ಬೇಕು. ಒಳಮೂಲೆಗೆ ಫಿಲೆಟ್ ಕೊಡದೆ ಚೂಪಾಗಿ ಬಿಟ್ಟಿದ್ದರೆ ಈ ಲೆಕ್ಕವೇ ಕೂಡುವುದಿಲ್ಲ: ಮೆಶ್ ಸಣ್ಣದಾದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ.

ಇಷ್ಟು ಮಾಡಿ, 2 ಮಿಮೀ ಸಾಕು ಎಂದು ತೀರ್ಮಾನಿಸಿ, ಅದೇ ಗಾತ್ರವನ್ನು ಆಪ್ಟಿಮೈಜರ್‌ಗೆ ಕಟ್ಟಿಕೊಟ್ಟದ್ದೇ ತಪ್ಪಾಯಿತು. 8 ಮಿಮೀ ತ್ರಿಜ್ಯದ ಕಾಲು ವೃತ್ತದ ಉದ್ದ 12.6 ಮಿಮೀ, 2 ಮಿಮೀ ಎಲಿಮೆಂಟ್ ಆರು ಕೂರುತ್ತವೆ. 3 ಮಿಮೀ ತ್ರಿಜ್ಯಕ್ಕೆ ಉದ್ದ 4.7, ಎರಡೇ ಕೂರುತ್ತವೆ. ಎರಡು ಎಲಿಮೆಂಟ್ ಇರುವ ಫಿಲೆಟ್‌ಗೆ ಒತ್ತಡದ ತುದಿ ಕಾಣುವುದೇ ಇಲ್ಲ. ಫಿಲೆಟ್ ಚಿಕ್ಕದಾದಷ್ಟೂ ನಿಜವಾದ ಒತ್ತಡ ಏರುತ್ತಿದ್ದರೂ ಮಾಡೆಲ್ 178 ಎಂದೇ ಹೇಳುತ್ತಿತ್ತು. ಅದೇ ಡಿಸೈನನ್ನು ಸಣ್ಣ ಮೆಶ್‌ನಲ್ಲಿ ಓಡಿಸಿದಾಗ 231. ಆಮೇಲೆ ನಿಯಮ ಬದಲಿಸಿದೆವು: ಫಿಲೆಟ್‌ನಲ್ಲಿ ಎಲಿಮೆಂಟ್ ಗಾತ್ರವನ್ನು ಮಿಲಿಮೀಟರ್‌ನಲ್ಲಿ ಕೊಡುವುದಿಲ್ಲ, ಕೋನದಲ್ಲಿ ಕೊಡುತ್ತೇವೆ, ಒಂದಕ್ಕೆ 15 ಡಿಗ್ರಿ ಮೀರದಂತೆ. ತ್ರಿಜ್ಯ ಎಷ್ಟೇ ಇರಲಿ ಕಾಲು ವೃತ್ತಕ್ಕೆ ಆರು ಎಲಿಮೆಂಟ್ ಸಿಗುತ್ತವೆ. ಜೊತೆಗೆ, ಮೆಶ್ ಪರೀಕ್ಷೆಯನ್ನು ಮೂಲ ಡಿಸೈನ್ ಮೇಲೆ ಒಂದು ಸಲ, ಅಳತೆಗಳ ವ್ಯಾಪ್ತಿಯ ಎರಡು ಮೂಲೆಗಳಲ್ಲಿ ಇನ್ನೆರಡು ಸಲ ಮಾಡುತ್ತೇವೆ.

ಬೋಲ್ಟ್ ಕಡೆ ಬರೋಣ. ಮೊದಲ ಮಾಡೆಲ್‌ನಲ್ಲಿ ಬ್ರಾಕೆಟ್ಟಿನ ತಳವನ್ನು ಪೂರ್ತಿ ಅಂಟಿಸಿಬಿಟ್ಟಿದ್ದೆವು. 20 ಕಿಲೋನ್ಯೂಟನ್‌ಗೆ ಬಾಸ್ ಇಳಿಯಬೇಕಾದದ್ದು 0.31 ಮಿಮೀ, ರಿಗ್‌ನಲ್ಲಿ (ಭಾರ ಹಾಕುವ ಪರೀಕ್ಷಾ ಚೌಕಟ್ಟಿನಲ್ಲಿ) ಡಯಲ್ ಗೇಜ್ ತೋರಿಸಿದ್ದು 0.46. ಇಂಥ ಹೊತ್ತಿನಲ್ಲಿ ಗುಣಾಂಕವನ್ನು 170ರಿಂದ 115ಕ್ಕೆ ಇಳಿಸಿದರೆ ಎರಡೂ ತಾಳೆಯಾಗುತ್ತವೆ ಎಂಬ ಆಸೆ ಬರುತ್ತದೆ. ಹಾಗೆ ಮಾಡಲೇಬಾರದು. ಬೋಲ್ಟ್ ಜಂಟಿಯ ಸಡಿಲನ್ನು ಲೋಹದ ತಲೆಗೆ ಕಟ್ಟಿದ ಹಾಗಾಗುತ್ತದೆ. ಆಪ್ಟಿಮೈಜರ್ ವೆಬ್ ದಪ್ಪ ಬದಲಿಸಿದ ಕೂಡಲೇ ಆ ಹೊಂದಾಣಿಕೆ ಮುರಿದುಬೀಳುತ್ತದೆ, ಯಾಕೆಂದರೆ ಜಂಟಿಯ ಸಡಿಲು ವೆಬ್ ದಪ್ಪದ ಜೊತೆ ಬದಲಾಗುವುದಿಲ್ಲ. ಗುಣಾಂಕವನ್ನು ಪಟ್ಟಿ ಎಳೆಸಿ ಅಳೆದಿದ್ದೇವೆ, ಅದು ಮುಟ್ಟುವ ವಸ್ತು ಅಲ್ಲ.

ತಪ್ಪು ಮಾಡೆಲ್, ರಿಗ್ ಎರಡೂ ಕಡೆ ಇತ್ತು. ಮಾಡೆಲ್‌ನಲ್ಲಿ ಅಂಟನ್ನು ತೆಗೆದು ಘರ್ಷಣೆಯ ಸ್ಪರ್ಶ ಹಾಕಿ, ಬೋಲ್ಟ್‌ಗೆ ಮುಂಚಿನ ಬಿಗಿತ ಕೊಟ್ಟೆವು. ಎಂ16, 8.8 ದರ್ಜೆಗೆ 210 ನ್ಯೂಟನ್ ಮೀಟರ್ ತಿರುವಿದರೆ ಸುಮಾರು 65 ಕಿಲೋನ್ಯೂಟನ್ ಬಿಗಿತ. ಆದರೆ ಎಳೆಯಲ್ಲಿ ಎಣ್ಣೆ ಇದೆಯೋ ತುಕ್ಕು ಇದೆಯೋ ಎನ್ನುವುದರ ಮೇಲೆ ಶೇ. 25-30 ಆಚೀಚೆ ಆಗುತ್ತದೆ. ಅದಕ್ಕೆ 45, 65, 85 ಮೂರಕ್ಕೂ ಓಡಿಸಿ ಉತ್ತರ ಎಷ್ಟು ಅಲುಗುತ್ತದೆ ನೋಡಿಟ್ಟೆವು. ಇಳಿತ 0.42ಕ್ಕೆ ಬಂತು. ರಿಗ್ ಕಡೆಯ ತಪ್ಪು ಡಯಲ್ ಗೇಜಿನ ನಿಲುವು: ಮ್ಯಾಗ್ನೆಟ್ ಸ್ಟ್ಯಾಂಡನ್ನು ನೆಲದ ಕಬ್ಬಿಣಕ್ಕೆ ಅಂಟಿಸಿದ್ದರಿಂದ ರಿಗ್ ತಟ್ಟೆಯೇ ವಾಲಿದ್ದೂ ಅಳತೆಯಲ್ಲಿ ಸೇರಿತ್ತು. ಸ್ಟ್ಯಾಂಡನ್ನು ಬ್ರಾಕೆಟ್ ಕೂತ 40 ಮಿಮೀ ತಟ್ಟೆಯ ಮೇಲೇ ಇಟ್ಟಾಗ 0.43. ಟ್ರೇಲರ್‌ನಲ್ಲಿ ಬ್ರಾಕೆಟ್ ಕೂರುವುದು ತೆಳು ಚಾನೆಲ್ ಮೇಲೆ. ಹಾಗಾಗಿ ದಪ್ಪ ತಟ್ಟೆಯ ಮೇಲೆ ಗೆದ್ದ ಮೇಲೆ ಒಂದು ಮೀಟರ್ ಚಾನೆಲ್ ತುಂಡಿನ ಮೇಲೆ, ಅದಾದ ಮೇಲೆ ಟ್ರೇಲರ್ ಮೇಲೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಒಂದೇ ಸಲ ಟ್ರೇಲರ್‌ಗೆ ಹೋದರೆ ಅಂಕಿ ತಾಳೆಯಾಗದಾಗ ತಪ್ಪು ಯಾವ ಮೆಟ್ಟಿಲಲ್ಲಿ ಎಂದು ಯಾರೂ ಹೇಳಲಾರರು.

ಲೋಹ ಎಷ್ಟು ಹಿಗ್ಗಿತು (ಸ್ಟ್ರೇನ್) ಎಂದು ವಿದ್ಯುತ್ ಪ್ರತಿರೋಧದಿಂದ ಅಳೆಯುವ ತೆಳು ಪಟ್ಟಿ ಸ್ಟ್ರೇನ್ ಗೇಜ್. ಅದನ್ನು ಅಂಟಿಸುವುದನ್ನು ನಿಧಾನವಾಗಿ ಹೇಳುತ್ತೇನೆ. 1938ರಲ್ಲಿ ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಬೇರೆ ಬೇರೆಯಾಗಿ ಕಂಡುಹಿಡಿದ ಈ ಸಾಧನ ಇಂದಿಗೂ ಮಾಡೆಲ್‌ನ ಸತ್ಯಪರೀಕ್ಷೆಗೆ ಎಲ್ಲಕ್ಕಿಂತ ನಂಬಿಕಸ್ಥ. ಆದರೆ ಅಂಟಿಸುವ ಕೈ ಸರಿಯಿಲ್ಲದಿದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಸುಳ್ಳುಗಾರ.

ನಾವು ಬಳಸಿದ್ದು 350 ಓಮ್ ಗೇಜ್. ಚಪ್ಪಟೆ ಜಾಗಕ್ಕೆ 3 ಮಿಮೀ ಉದ್ದದ್ದು, ಫಿಲೆಟ್ ಪಕ್ಕಕ್ಕೆ 1 ಮಿಮೀ. ಎರಕದ ಮೇಲ್ಮೈಯಲ್ಲಿ ಉಸುಕಿನ ಸುಟ್ಟ ಸಿಪ್ಪೆ ಇರುತ್ತದೆ. ಅದರ ಮೇಲೆ ಅಂಟಿಸಿದರೆ ಸಿಪ್ಪೆಯ ಅಲುಗಾಟ ಅಳೆದ ಹಾಗೆ. ಸಣ್ಣ ಗ್ರೈಂಡರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ತೆಗೆದು, 220 ಎಮರಿ, ಆಮೇಲೆ 400 ಎಮರಿಯನ್ನು ಗೇಜ್ ದಿಕ್ಕಿಗೆ 45 ಡಿಗ್ರಿಯಲ್ಲಿ ಎರಡೂ ಕಡೆ ಉಜ್ಜಬೇಕು. ಗ್ರೈಂಡರ್ ಅರ್ಧ ಮಿಲಿಮೀಟರ್ ತಿಂದರೆ ವೆಬ್ ಅಷ್ಟು ತೆಳುವಾಯಿತು, ಮತ್ತೆ ದಪ್ಪ ಅಳೆದು ಬರೆದುಕೊಳ್ಳಬೇಕು. ಗಡಸು ಪೆನ್ಸಿಲ್‌ನಿಂದ ಅಡ್ಡ-ಉದ್ದ ಗೆರೆ. ಲೋಹದ ಮೊನೆಯಿಂದ ಗೀರಬಾರದು, ಗೀರೇ ಬಿರುಕಿನ ಬೀಜ. ಆಸಿಟೋನ್ ಹಚ್ಚಿದ ಹತ್ತಿಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಬಟ್ಟೆ ಬದಲಿಸುತ್ತ ಹೋಗಬೇಕು. ಎಸ್‌ಜಿ ಐರನ್ನಿನಲ್ಲಿ ಗ್ರಾಫೈಟ್ ಗುಂಡುಗಳಿರುವುದರಿಂದ ಸ್ಟೀಲ್‌ಗಿಂತ ಹೆಚ್ಚು ಬಟ್ಟೆ ಬೇಕಾಗುತ್ತದೆ, ಮಸಿ ಬರುತ್ತಲೇ ಇರುತ್ತದೆ. ಸೈನೊಆಕ್ರಿಲೇಟ್ ಅಂಟು ಒಂದೇ ಹನಿ. ಸೆಲ್ಲೋಟೇಪ್ ಮೇಲಿಂದ ಹೆಬ್ಬೆರಳಿನಿಂದ ಪೂರ್ತಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಹೆಬ್ಬೆರಳಿನ ಬಿಸಿಯೂ ಅಂಟಿಗೆ ಬೇಕು, ಮರದ ತುಂಡಿನಿಂದ ಒತ್ತಿದರೆ ಅದು ಸಿಗುವುದಿಲ್ಲ.

ಗೇಜನ್ನು ಅಳೆಯುವ ಸರ್ಕ್ಯೂಟಿಗೆ ಮೂರು ತಂತಿಯ ಕಾಲು ಬ್ರಿಡ್ಜ್ ಆಗಿ ಕಟ್ಟಿದರೆ ಉದ್ದ ತಂತಿಯ ತಾಪದ ಏರಿಳಿತ ಅಳಿಸಿಹೋಗುತ್ತದೆ. ಅಂಟಿಸಿದ ಮೇಲೆ 1,74,650 ಓಮ್ ಪ್ರತಿರೋಧವನ್ನು ಗೇಜ್‌ಗೆ ಸಮಾನಾಂತರವಾಗಿ ಹಚ್ಚಿ ನೋಡಬೇಕು: ಗೇಜ್ ಫ್ಯಾಕ್ಟರ್ (ಸ್ಟ್ರೇನ್‌ಗೆ ಪ್ರತಿರೋಧ ಬದಲಾಗುವ ಪ್ರಮಾಣ) 2 ಎಂದು ಹೊಂದಿಸಿದ ಯಂತ್ರ 1,000 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷಕ್ಕೆ ಸಾವಿರ ಪಾಲು ಬದಲಾವಣೆ) ತೋರಿಸಬೇಕು. ತೋರಿಸದಿದ್ದರೆ ವೈರಿಂಗ್ ಅಥವಾ ಸೆಟ್ಟಿಂಗ್ ತಪ್ಪಿದೆ. ಭಾರವಿಲ್ಲದೆ ಹತ್ತು ನಿಮಿಷ ಬಿಟ್ಟು ನೋಡಿ 5 ಮೈಕ್ರೋಸ್ಟ್ರೇನ್‌ಗಿಂತ ಹೆಚ್ಚು ಸರಿದರೆ ಪರೀಕ್ಷೆ ಆರಂಭಿಸುವುದಿಲ್ಲ. ಪತ್ರಾಸ್ ಶೆಡ್ಡಿನಲ್ಲಿ ಮಧ್ಯಾಹ್ನ ಬ್ರಾಕೆಟ್ ಮೇಲೆ ಬಿಸಿಲಿನ ಪಟ್ಟಿ ಬಿದ್ದರೂ ಸಾಕು, ಸರಿಯತೊಡಗುತ್ತದೆ. ನಾವು ಬೆಳಗ್ಗೆ ಏಳರಿಂದ ಹತ್ತರೊಳಗೆ ಮುಗಿಸುತ್ತಿದ್ದೆವು.

ಭಾರ ಹಾಕಲು ಹಳೆಯ ಎಚ್ ಫ್ರೇಮ್ ಪ್ರೆಸ್, ಕೈಜ್ಯಾಕ್, ನಡುವೆ 50 ಕಿಲೋನ್ಯೂಟನ್‌ನ ಲೋಡ್ ಸೆಲ್. ಜ್ಯಾಕಿನ ಒತ್ತಡದ ಮೀಟರ್ ನೋಡಿ ಭಾರ ಹೇಳುವುದು ಬೇಡ, ಸೀಲ್‌ನ ಘರ್ಷಣೆ ಅದರಲ್ಲಿ ಸೇರಿರುತ್ತದೆ. ಲೋಡ್ ಸೆಲ್ ಕೆಳಗೆ ಗೋಲಾಕಾರದ ವಾಷರ್ ಇಡದಿದ್ದರೆ ಓರೆಭಾರ ಬೀಳುತ್ತದೆ. ಸ್ಪ್ರಿಂಗಿನ ನಿಜವಾದ ಪಿನ್ ಮತ್ತು ಬುಷ್ಷನ್ನೇ ಬಳಸಬೇಕು. ಮಾಡೆಲ್‌ನಲ್ಲೂ ಅಷ್ಟೇ, ಪಿನ್ ಒತ್ತುವ ಅರ್ಧವೃತ್ತದ ಮೇಲೆ ಮಾತ್ರ ಭಾರ ಹಂಚಬೇಕು. ತೂತಿನ ಸುತ್ತ ಸಮನಾಗಿ ಹಂಚಿದರೆ ಪಿನ್ ಒಂದು ಬದಿ ತಳ್ಳುತ್ತ ಇನ್ನೊಂದು ಬದಿ ಎಳೆದ ಹಾಗೆ ಲೆಕ್ಕವಾಗುತ್ತದೆ, ನಿಜದಲ್ಲಿ ಎಳೆಯುವುದು ಸಾಧ್ಯವೇ ಇಲ್ಲ. 0, 5, 10, 15, 20, ಮತ್ತೆ ಇಳಿಯುತ್ತ 0. ಮೂರು ಸಲ. ಮೊದಲ ಸುತ್ತು ಬೋಲ್ಟ್, ಬುಷ್ ತಮ್ಮ ಜಾಗ ಹಿಡಿಯುವುದಕ್ಕೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏರುವಾಗಿನ ಗೆರೆಗೂ ಇಳಿಯುವಾಗಿನ ಗೆರೆಗೂ ನಡುವೆ ಬಾಯಿ ತೆರೆದಿದ್ದರೆ ಎಲ್ಲೋ ಜಾರುತ್ತಿದೆ ಎಂದರ್ಥ.

ಪರೀಕ್ಷೆಗೆ ಮುಂಚೆ ಪ್ರತಿ ಗೇಜ್‌ಗೂ ಮಾಡೆಲ್ ಹೇಳುವ ಅಂಕಿಯನ್ನು ಬರೆದು, ತಾರೀಖು ಹಾಕಿ, ಸಹಿ ಮಾಡಿ ಇಟ್ಟುಬಿಡುತ್ತೇವೆ. ಅಳತೆ ಕಂಡ ಮೇಲೆ ಮಾಡೆಲ್‌ನಲ್ಲಿ ಒಂದಲ್ಲ ಒಂದು ತಿದ್ದುಪಡಿ ಮಾಡಿ ಹತ್ತಿರ ತರುವುದು ಯಾರಿಗೂ ಕಷ್ಟವಲ್ಲ. ಅಂಥ ತಿದ್ದುಪಡಿ ಕೆಲವೊಮ್ಮೆ ಬೇಕೂ ಆಗುತ್ತದೆ. ಆದರೆ ತಿದ್ದಲು ಬಳಸಿದ ಎರಕ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಸಾಕ್ಷಿಗೆ ಇನ್ನೊಂದು ಎರಕ, ಇನ್ನೊಂದು ಭಾರ ಬೇಕು.

ಗೇಜ್ ಓದುವುದು ಒಂದು ಬಿಂದುವಿನ ಸ್ಟ್ರೇನ್ ಅಲ್ಲ, ತನ್ನ ಗ್ರಿಡ್ ಉದ್ದದ ಸರಾಸರಿ. ಮಾಡೆಲ್‌ನಿಂದ ಒಂದು ನೋಡ್‌ನ ಅತಿ ಹೆಚ್ಚಿನ ಬೆಲೆ ತೆಗೆದು ಹೋಲಿಸಿದರೆ ಮಾಡೆಲ್ ಯಾವಾಗಲೂ ಹೆಚ್ಚು ತೋರಿಸುತ್ತದೆ. ನಾವು ಘನ ಎಲಿಮೆಂಟ್‌ಗಳ ಮೇಲೆ 0.01 ಮಿಮೀ ದಪ್ಪದ ಮೆಂಬ್ರೇನ್ ಚರ್ಮ ಹೊದಿಸಿ, ಗೇಜ್ ಇರುವ ಜಾಗದಲ್ಲಿ ಅದರ ಗ್ರಿಡ್ ಗಾತ್ರದ ಚೌಕ ಕೊರೆದು, ಗೇಜ್ ದಿಕ್ಕಿನ ಸ್ಟ್ರೇನನ್ನು ಆ ಚೌಕದ ಮೇಲೆ ಸರಾಸರಿ ಮಾಡಿದೆವು. ಅಷ್ಟು ತೆಳು ಚರ್ಮದಿಂದ ಬಿಗಿತ ಬದಲಾಗುವುದಿಲ್ಲ. ನಾಲ್ಕನೇ ಗೇಜ್ ಮಾತ್ರ ಬಹಳ ಕಾಡಿತು: ಮಾಡೆಲ್ 640 ಮೈಕ್ರೋಸ್ಟ್ರೇನ್ ಹೇಳಿದರೆ ಗೇಜ್ 520. ಅಂಟಿಸಿದ ದಿನ ಸ್ಕೇಲ್ ಇಟ್ಟು ತೆಗೆದ ಫೋಟೋ ನೋಡಿದರೆ ಗೇಜ್ ಗುರುತಿಗಿಂತ 3 ಮಿಮೀ ಮೇಲೆ ಕೂತಿತ್ತು. ಅಲ್ಲಿ ಸ್ಟ್ರೇನ್ ಪ್ರತಿ ಮಿಲಿಮೀಟರ್‌ಗೆ ಸುಮಾರು 40ರಂತೆ ಇಳಿಯುತ್ತದೆ. ನಿಜವಾದ ಜಾಗದಲ್ಲಿ ಮಾಡೆಲ್ 522 ಕೊಟ್ಟಿತು. ಫೋಟೋ ಪರೀಕ್ಷೆಗೆ ಮುಂಚಿನದು ಆಗಿದ್ದರಿಂದಲೇ ಈ ತಿದ್ದುಪಡಿ ಒಪ್ಪತಕ್ಕದ್ದಾಯಿತು. ಅಳತೆ ಬಂದ ಮೇಲೆ ಗೇಜನ್ನು ಮಾಡೆಲ್‌ನಲ್ಲಿ ಅತ್ತಿತ್ತ ಸರಿಸಿ ತಾಳೆ ಮಾಡುವುದು ಮೋಸ.

ಎಷ್ಟು ತಾಳೆಯಾದರೆ ಸಾಕು? "ಶೇ. 10ರೊಳಗೆ ಇದ್ದರೆ ಪಾಸ್" ಎಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಎಎಸ್‌ಎಂಇ ಘನವಸ್ತುಗಳ ಲೆಕ್ಕಕ್ಕೆ 2006ರಲ್ಲಿ ವಿ ಆಂಡ್ ವಿ 10, ಹರಿವು ಮತ್ತು ಶಾಖದ ಲೆಕ್ಕಕ್ಕೆ 2009ರಲ್ಲಿ ವಿ ಆಂಡ್ ವಿ 20 ಎಂಬ, ಮಾಡೆಲನ್ನು ಒರೆಗೆ ಹಚ್ಚುವ ಕುರಿತ ದಾಖಲೆಗಳನ್ನು ಹೊರತಂದಿತು. ಎರಡನೆಯದರ ದಾರಿ ನಮ್ಮ ಕೆಲಸಕ್ಕೂ ಹೊಂದುತ್ತದೆ: ಮಾಡೆಲ್ ಮತ್ತು ಅಳತೆಯ ವ್ಯತ್ಯಾಸವನ್ನು ಒಂದು ಕಡೆ ಇಡು, ಮೂರು ಅನಿಶ್ಚಿತತೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು ಇನ್ನೊಂದು ಕಡೆ ಇಡು. ನಮ್ಮ ಲೆಕ್ಕದಲ್ಲಿ ಮೆಶ್‌ನದು ಶೇ. 1. ಮಾಡೆಲ್‌ಗೆ ಕೊಟ್ಟ ಅಂಕಿಗಳದ್ದು: ದಪ್ಪ ±0.2 ಮಿಮೀ ಎಂದರೆ ಒತ್ತಡದಲ್ಲಿ ಶೇ. 4, ಗುಣಾಂಕ ಶೇ. 3, ಬೋಲ್ಟ್ ಬಿಗಿತ ಶೇ. 2, ಒಟ್ಟು ಶೇ. 5.4. ಅಳತೆಯದು: ಲೋಡ್ ಸೆಲ್ ಶೇ. 1, ಗೇಜ್ ಫ್ಯಾಕ್ಟರ್ ಶೇ. 1, ಗೇಜಿನ ಜಾಗ ಮತ್ತು ದಿಕ್ಕು ಶೇ. 3, ಒಟ್ಟು ಶೇ. 3.3. ಮೂರೂ ಸೇರಿ ಶೇ. 6.4. ವ್ಯತ್ಯಾಸ ಇದರೊಳಗಿದ್ದರೆ ಮಾಡೆಲ್ ತಪ್ಪೆಂದು ಹೇಳಲು ನಮ್ಮ ಬಳಿ ಆಧಾರವಿಲ್ಲ, ಅಷ್ಟೇ. ಸರಿಯೆಂದು ಸಾಬೀತಾಯಿತು ಎಂದಲ್ಲ. ಇದನ್ನು ಬಹಳ ಮೀರಿದರೆ ಮಾಡೆಲ್‌ನಲ್ಲೇ ಏನೋ ಬಿಟ್ಟುಹೋಗಿದೆ.

ಆರು ಗೇಜ್‌ಗಳಲ್ಲಿ ಐದು ಶೇ. 6ರೊಳಗೆ ಬಂದವು. ಬೋಲ್ಟ್ ತೂತಿನ ಪಕ್ಕದ ಐದನೆಯದರಲ್ಲಿ ಮಾಡೆಲ್ ಶೇ. 16 ಕಡಿಮೆ ತೋರಿಸಿತು. ಬ್ರಾಕೆಟ್ಟಿನ ತಳ ಮಷಿನಿಂಗ್ ಆಗದ ಎರಕದ ಮೈ, ಫೀಲರ್ ಗೇಜ್ ತೂರಿಸಿದಾಗ ಒಂದು ಮೂಲೆಯಲ್ಲಿ 0.2 ಮಿಮೀ ಎಡೆ. ಬೋಲ್ಟ್ ಬಿಗಿಯುವಾಗ ಆ ಮೂಲೆ ಬಾಗಿ ಕೂರುತ್ತದೆ, ಸ್ಪರ್ಶದ ಜಾಗ ಬದಲಾಗುತ್ತದೆ. ಮಾಡೆಲ್‌ನ ತಳವೋ ಕನ್ನಡಿಯಂತೆ ಚಪ್ಪಟೆ. ಪ್ರತಿ ಎರಕದಲ್ಲೂ ಎಡೆ ಬೇರೆ ಬೇರೆ ಇರುವುದರಿಂದ ಅದನ್ನು ಮಾಡೆಲ್‌ಗೆ ತರುವ ಗೋಜಿಗೆ ಹೋಗಲಿಲ್ಲ. ಬೋಲ್ಟ್ ಸುತ್ತಲಿನ ಆಕಾರವನ್ನು ಹಳೆಯ ಅಳತೆಯಲ್ಲೇ ಬೀಗ ಹಾಕಿ ಇಟ್ಟೆವು. ನಂಬಿಕೆ ಹುಟ್ಟದ ಜಾಗವನ್ನು ಆಪ್ಟಿಮೈಜರ್ ಕೈಗೆ ಕೊಡಬಾರದು.

ಇನ್ನು ಭಾರ. ಮಾಡೆಲ್ ಎಷ್ಟೇ ಸರಿಯಿದ್ದರೂ ತಪ್ಪು ಭಾರಕ್ಕೆ ತಪ್ಪು ಉತ್ತರವೇ. ಕಾರ್ಖಾನೆಯ ತೂಕದ ಚೀಟಿಯಲ್ಲಿ ಒಂದು ತುಂಬಿದ ಟ್ರೇಲರ್ 12.6 ಟನ್ ಇತ್ತು. ಸ್ಪ್ರಿಂಗ್ ಕೆಳಗಿನ ಆಕ್ಸಲ್, ಗಾಲಿಯ ತೂಕ 0.6 ಕಳೆದರೆ 12 ಟನ್, ಎಂಟು ಬ್ರಾಕೆಟ್‌ಗೆ ಹಂಚಿದರೆ ತಲಾ 14.7 ಕಿಲೋನ್ಯೂಟನ್. ಇದು ನಿಂತ ಭಾರ. ಓಡುವ ಭಾರ ತಿಳಿಯಲು ಗೇಜ್ ಅಂಟಿಸಿದ ಬ್ರಾಕೆಟ್ಟನ್ನೇ ತಕ್ಕಡಿ ಮಾಡಿಕೊಂಡೆವು: ರಿಗ್‌ನಲ್ಲಿ ನೇರ ಭಾರಕ್ಕೆ ಎಷ್ಟು, ಅಡ್ಡ ಭಾರಕ್ಕೆ ಎಷ್ಟು ಎಂದು ಮೊದಲು ಗುರುತಿಸಿ, ಎಡಕ್ಕೊಂದು ಬಲಕ್ಕೊಂದು ಟ್ರೇಲರ್‌ಗೆ ಕಟ್ಟಿ, ಬೋಲ್ಟ್ ಬಿಗಿದ ಮೇಲೆ ಜ್ಯಾಕ್ ಕೊಟ್ಟು ಗಾಲಿ ಎತ್ತಿ ಸೊನ್ನೆ ಹಿಡಿದು, ಸೆಕೆಂಡಿಗೆ 500 ಓದಿನಂತೆ ಲಾಗರ್‌ಗೆ ತುಂಬಿದೆವು. ಕಬ್ಬಿನ ಹಂಗಾಮಿನಲ್ಲಿ ಹೊಲದಿಂದ ಕಾರ್ಖಾನೆಯವರೆಗಿನ ಪೂರ್ತಿ ದಾರಿ.

ರಸ್ತೆ ಉಬ್ಬಿನ ಮೇಲೆ ನೇರ ಭಾರ 25ರವರೆಗೆ ಹಾರಿತು, ಅದು ನಿರೀಕ್ಷಿತ. ನಿರೀಕ್ಷೆ ಮೀರಿದ್ದು ಹೊಲದಲ್ಲಿ. ಎರಿ ಭೂಮಿಯ ಗಾಲಿಜಾಡು ಮೊಣಕಾಲುದ್ದ ಇರುತ್ತದೆ. ಬದುವಿನ ಪಕ್ಕ ಟ್ರ್ಯಾಕ್ಟರ್ ತಿರುಗಿಸುವಾಗ ಗಾಲಿ ಜಾಡಿನ ಗೋಡೆಗೆ ಒತ್ತಿಕೊಂಡು ಬ್ರಾಕೆಟ್ಟನ್ನು ಅಡ್ಡ ತಳ್ಳುತ್ತದೆ, 6ರಿಂದ 7 ಕಿಲೋನ್ಯೂಟನ್. ಆಪ್ಟಿಮೈಜರ್ ಕಿತ್ತುಹಾಕಿದ್ದ ಅಡ್ಡ ರಿಬ್ ಇದ್ದದ್ದೇ ಇದಕ್ಕೆ. ಹಳೆಯ ಡಿಸೈನ್ ಮಾಡಿದವರಿಗೆ ಈ ಅಂಕಿ ಗೊತ್ತಿತ್ತೋ ಇಲ್ಲವೋ, ಹೊಲ ಗೊತ್ತಿತ್ತು. ಯಾವುದೇ ಭಾಗವನ್ನು ಆಪ್ಟಿಮೈಜರ್ "ಬೇಡ" ಎಂದಾಗ, ಅದು ಯಾವ ಭಾರಕ್ಕಾಗಿ ಹುಟ್ಟಿತ್ತು ಎಂದು ತಿಳಿಯದೆ ತೆಗೆಯಬಾರದು.

ಮೂಲ ಡಿಸೈನ್ ಮೇಲೆ ಮಾಡೆಲ್ ಗೆದ್ದರೂ ಕೆಲಸ ಮುಗಿಯುವುದಿಲ್ಲ. ಆಪ್ಟಿಮೈಜರ್ ಕೇಳುವ ಪ್ರಶ್ನೆ ಬೇರೆ: ಇಷ್ಟು ತೆಳು ಮಾಡಿದರೆ ಒತ್ತಡ ಎಷ್ಟು ಏರುತ್ತದೆ? ಈ ಏರಿಕೆ ಸರಿಯಿದೆಯೇ ಎಂದು ನೋಡಲು ಹೊಸ ಪ್ಯಾಟರ್ನ್ ಬೇಕಿಲ್ಲ. ಗೇಜ್ ಇದ್ದ ಬ್ರಾಕೆಟ್ಟನ್ನೇ ಮಿಲ್ಲಿಂಗ್ ಯಂತ್ರಕ್ಕೆ ಕಟ್ಟಿ, ಗೇಜ್ ಇಲ್ಲದ ಬದಿಯಿಂದ ವೆಬ್ಬನ್ನು 10ರಿಂದ 9 ಮಿಮೀಗೆ ಇಳಿಸಿ, ಅದೇ ಭಾರ ಮತ್ತೆ ಹಾಕಿದೆವು. ಬರೀ ತಟ್ಟೆಯ ಲೆಕ್ಕದಲ್ಲಿ ಸ್ಟ್ರೇನ್ ಶೇ. 23 ಏರಬೇಕು, ರಿಬ್ ಭಾರ ಹಂಚಿಕೊಳ್ಳುವುದರಿಂದ ಮಾಡೆಲ್ ಶೇ. 20 ಎಂದಿತು, ಗೇಜ್ ಶೇ. 18 ತೋರಿಸಿತು. ಆಮೇಲೆ ರಿಬ್ ಎತ್ತರ 5 ಮಿಮೀ ಕಡಿದು ಅಡ್ಡ ಭಾರದ ಪರೀಕ್ಷೆ. ಅದೇ ಗೇಜ್, ಅದೇ ಅಂಟು, ಅದೇ ಬೋಲ್ಟ್. ಹಾಗಾಗಿ ಗೇಜಿನ ಜಾಗದ ತಪ್ಪು ಎರಡೂ ಓದಿನಲ್ಲಿ ಸಮನಾಗಿದ್ದು ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ. ಅರ್ಧ ದಿನದ ಮಿಲ್ಲಿಂಗ್ ಖರ್ಚಿನಲ್ಲಿ ಇಷ್ಟು ಬೆಲೆಯುಳ್ಳ ಸಾಕ್ಷಿ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಒಂದು ಎಚ್ಚರ: ಮಿಲ್ಲಿಂಗ್ ಆದ ಮೈ ನುಣುಪು, ಅದರ ಮೇಲೆ ಫಟೀಗ್ (ಪದೇಪದೇ ಭಾರಕ್ಕೆ ದಣಿದು ಬಿರಿಯುವ) ಪರೀಕ್ಷೆ ಮಾಡಿ ಎರಕದ ಮೈಗೆ ಅನ್ವಯಿಸಬಾರದು.

ಒಂದೊಂದು ಓಟಕ್ಕೆ ಮುಕ್ಕಾಲು ತಾಸು ಬೇಕಾದ್ದರಿಂದ ಆಪ್ಟಿಮೈಜರ್ ಕೆಲಸ ಮಾಡುವುದು ನೇರ ಮಾಡೆಲ್ ಮೇಲಲ್ಲ, ಅದರ ನಕಲಿನ ಮೇಲೆ. ಐದು ಅಳತೆಗೆ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನದಲ್ಲಿ, ಅಂದರೆ ವ್ಯಾಪ್ತಿಯ ಎಲ್ಲೆಡೆ ಹರಡಿದಂತೆ, 50 ಡಿಸೈನ್ ಆರಿಸಿ, ಗೊತ್ತಿರುವ ಬಿಂದುಗಳ ನಡುವಿನ ಬೆಲೆ ಊಹಿಸುವ ಕ್ರಿಗಿಂಗ್ ನಕಲು ಕಟ್ಟಿದೆವು, ಪರೀಕ್ಷೆಗೆಂದು ಇನ್ನು 10 ಪ್ರತ್ಯೇಕ. ಮೊದಲ ನಕಲು ಕೆಟ್ಟದ್ದಾಗಿತ್ತು. ಅತಿ ಹೆಚ್ಚಿನ ಒತ್ತಡ ಎಂಬ ಒಂದೇ ಅಂಕಿಗೆ ನಕಲು ಕಟ್ಟಿದ್ದು ಕಾರಣ: ಒಂದು ಡಿಸೈನ್‌ನಲ್ಲಿ ಅದು ಫಿಲೆಟ್‌ನಲ್ಲಿ ಇರುತ್ತದೆ, ಇನ್ನೊಂದರಲ್ಲಿ ರಿಬ್ ತುದಿಗೆ, ಮತ್ತೊಂದರಲ್ಲಿ ಬಾಸ್‌ಗೆ ಹಾರುತ್ತದೆ. ಹಾರುವ ಜಾಗದಲ್ಲಿ ಗೆರೆ ಮುರಿಯುತ್ತದೆ, ನಕಲು ಅದನ್ನು ನುಣ್ಣಗೆ ಸವರಿಬಿಡುತ್ತದೆ. ಫಿಲೆಟ್, ರಿಬ್ ತುದಿ, ಬಾಸ್ ಮೂರಕ್ಕೂ ಬೇರೆ ಬೇರೆ ನಕಲು ಕಟ್ಟಿ, ಹೆಚ್ಚಿನದನ್ನು ಆಮೇಲೆ ಆರಿಸಿದಾಗ ಸರಿಹೋಯಿತು. ನಕಲಿನ ಸರಾಸರಿ ತಪ್ಪು ಎಷ್ಟು ಕಡಿಮೆ ಎಂದು ಹಿಗ್ಗುವುದಕ್ಕಿಂತ 160ರಿಂದ 200 ಮೆಗಾಪಾಸ್ಕಲ್ ನಡುವಿನ ಡಿಸೈನ್‌ಗಳಲ್ಲಿ ಅತಿ ದೊಡ್ಡ ತಪ್ಪು ಎಷ್ಟು ಎಂದು ನೋಡಬೇಕು. ಆಪ್ಟಿಮೈಜರ್ ನಿಲ್ಲುವುದು ಆ ಪಟ್ಟಿಯಲ್ಲೇ. ಉತ್ತರ ಬಂದ ಕೂಡಲೇ ಆ ಬಿಂದುವಿನಲ್ಲಿ ನಿಜವಾದ ಮಾಡೆಲ್ ಓಡಿಸಿ, ಅದನ್ನು ನಕಲಿಗೆ ಸೇರಿಸಿ, ಮತ್ತೆ ಹುಡುಕಿಸುತ್ತಿದ್ದೆವು. ಏಳು ಸುತ್ತಿನಲ್ಲಿ ನೆಲೆಗೆ ಬಂತು.

ಕೊನೆಗೆ ಸಿಕ್ಕಿದ್ದು ವೆಬ್ 8.5 ಮಿಮೀ, ಫಿಲೆಟ್ 7, ರಿಬ್ ತೆಳುವಾದರೂ ಎತ್ತರ ಉಳಿಸಿಕೊಂಡದ್ದು. ಪ್ಯಾಟರ್ನ್ ತಿದ್ದಿಸಿ ಹೊಯ್ದ ಎರಕ ಮತ್ತೆ ಅಳೆದೆವು, ಮತ್ತೆ ತೂಗಿದೆವು: 3.7 ಕೆಜಿ. ಮತ್ತೆ ಆರು ಗೇಜ್, ಮತ್ತೆ ಮುಂಚೆಯೇ ಬರೆದಿಟ್ಟ ಅಂಕಿ. ಬೀಗ ಹಾಕಿದ ಬೋಲ್ಟ್ ಜಾಗ ಬಿಟ್ಟರೆ ಎಲ್ಲವೂ ಶೇ. 7ರೊಳಗೆ. ಮೂರು ಬ್ರಾಕೆಟ್ಟನ್ನು 2ರಿಂದ 20 ಕಿಲೋನ್ಯೂಟನ್ ನಡುವೆ ಸೆಕೆಂಡಿಗೆ 5 ಸಲದಂತೆ 20 ಲಕ್ಷ ಸಲ ಬಡಿಸಿದೆವು. ಒಂದಕ್ಕೆ ನೂರ ಹನ್ನೊಂದು ತಾಸು, ಕರೆಂಟ್ ಕೈಕೊಟ್ಟರೆ ಇನ್ನೂ ಹೆಚ್ಚು. ಮೂರೂ ಬಿರಿಯಲಿಲ್ಲ. ಮೂರೇ ನಮೂನೆಯಿಂದ ಆಯುಷ್ಯ ಇಷ್ಟೇ ಎಂದು ಹೇಳಲಾಗದು, ಮಾಡೆಲ್ ಕಾಣದ ಎರಕದ ದೋಷ ಏನಾದರೂ ಇದ್ದರೆ ತಲೆ ಎತ್ತುತ್ತಿತ್ತು ಎಂದಷ್ಟೇ ಹೇಳಬಹುದು. ಒಂದು ಟ್ರೇಲರ್‌ಗೆ ಉಳಿದದ್ದು 6.8 ಕೆಜಿ.

ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿ ಈಗ ಒಂದು ಚೌಕವಿದೆ: ಈ ಮಾಡೆಲ್ ವೆಬ್ 8ರಿಂದ 10.5 ಮಿಮೀ, ಫಿಲೆಟ್ 5ರಿಂದ 10 ಮಿಮೀ, ನೇರ ಭಾರ 25, ಅಡ್ಡ ಭಾರ 7 ಕಿಲೋನ್ಯೂಟನ್‌ವರೆಗೆ ಮಾತ್ರ. ಬೋಲ್ಟ್ ತೂತಿನ ಸುತ್ತ 15 ಮಿಮೀ ಅನ್ವಯಿಸುವುದಿಲ್ಲ. ಫೌಂಡ್ರಿ, ಪ್ಯಾಟರ್ನ್ ಅಥವಾ ದರ್ಜೆ ಬದಲಾದರೆ ಮತ್ತೆ ತೂಕ, ದಪ್ಪ, ಗೇಜ್. ಜೊತೆಗೆ ಗೇಜ್ ಅಂಟಿಸಿದ ದಿನದ ಫೋಟೋಗಳ ಕಡತದ ಸಂಖ್ಯೆ.